ಹಲ್ಲುಚಕ್ರಗಳ ಸಂಸಾರ

ಮನೆಗೆ ಹೊಸ ವಸ್ತುವೊಂದನ್ನು ತರುವಾಗ ಅದು ಒಳ್ಳೆಯದೇ ಎಂದು ಕೇಳುವವರು ಬಹಳ; ಮೊದಲಿನಿಂದ ಇರುವ ವಸ್ತುಗಳೊಡನೆ ಅದು ಹೊಂದುವುದೇ ಎಂದು ಕೇಳುವವರು ವಿರಳ. ಒಲೆಗಿಂತ ದೊಡ್ಡ ಪಾತ್ರೆ, ಬಾಗಿಲಿಗಿಂತ ಅಗಲವಾದ ಬೀರು, ಇವು ಎಲ್ಲ ಮನೆಗಳ ಚರಿತ್ರೆಯಲ್ಲಿಯೂ ಉಂಟು. ಬೈಸಿಕಲ್ಲಿನ ವಿಷಯದಲ್ಲಿಯೂ ನ್ಯಾಯವು ಇದೇ ಎಂಬುದು ನಮಗೆ ಈಚೆಗೆ ಮನದಟ್ಟಾಯಿತು. ವಾಚಕರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇವೆ.

ನಮ್ಮದು ರಸ್ತೆಯ ಓಟಕ್ಕೆಂದೇ ಮಾಡಿದ ಹಗುರವಾದ ಬೈಸಿಕಲ್ಲು. ಮಗನು ತನ್ನ ಮೊದಲ ಸಂಬಳಗಳನ್ನು ಕೂಡಿಟ್ಟು ಕೊಂಡದ್ದು. ಉದ್ಯೋಗಾರ್ಥವಾಗಿ ಪರದೇಶಕ್ಕೆ ಹೊರಡುವಾಗ ಅದನ್ನು ನಮ್ಮ ವಶಕ್ಕೆ ಒಪ್ಪಿಸಿದನು. ಬೆಂಗಳೂರಿನ ಸವಾರರಿಗೆ ನಂದಿಬೆಟ್ಟವೆಂದರೆ ಒಂದು ಯಾತ್ರಾಸ್ಥಳ. ಭಾನುವಾರದ ನಸುಕಿನಲ್ಲಿ ಅವರ ಹಿಂದೆ ನಾವೂ ಹೊರಡುವುದನ್ನು ರೂಢಿ ಮಾಡಿಕೊಂಡೆವು. ನಮಗೆ ಐವತ್ತೈದು ದಾಟಿದ ಮೇಲೆ ಬೆಟ್ಟವೇನೂ ಬೆಳೆಯಲಿಲ್ಲ. ಮೊಣಕಾಲು ಮಾತ್ರ ದೂರತೊಡಗಿತು. ಸವಾರಿಯನ್ನು ಬಿಡಬೇಕಾಗಿಲ್ಲ, ಒತ್ತಿ ತುಳಿಯುವುದನ್ನು ಬಿಡಬೇಕು ಎಂದು ವೈದ್ಯರು ಹೇಳಿದರು. ಆದಕಾರಣ ಗೇರು ಹಗುರವಾಗಬೇಕು. ಇಲ್ಲವೆ ಮಗನ ಬೈಸಿಕಲ್ಲು ಗೋಡೆಗೆ ಒರಗಿ ಧೂಳು ಹಿಡಿಯಬೇಕು.

ಅಂಗಡಿಯೊಂದರಲ್ಲಿ ವಿಚಾರಿಸಿದೆವು. ಅಲ್ಲಿಯವರು ಬಹು ಉತ್ಸಾಹದಿಂದ, “ನಿಮ್ಮದು 8 ಚಕ್ರಗಳ ಹಳೆಯ ಜೋಡಣೆ, 11ರದ್ದನ್ನು ಹಾಕಿಸಿರಿ. ಎರಡೂ ಶಿಮಾನೊ ಮಾಲೇ ಅಲ್ಲವೆ? ಹೊಂದದೆ ಎಲ್ಲಿ ಹೋದೀತು?” ಎಂದರು. ಒಂದೇ ಮನೆತನದವರೆಂಬ ಮಾತ್ರಕ್ಕೆ ಅಣ್ಣತಮ್ಮಂದಿರು ಹೊಂದಿಕೊಳ್ಳುವರೆಂದು ನಂಬುವ ವಯಸ್ಸು ನಮ್ಮದಲ್ಲ. ಯೋಚಿಸಿ ಹೇಳುವೆವೆಂದು ಮನೆಗೆ ಬಂದು, ನಿರ್ಮಾಪಕರ ಪಟ್ಟಿಗಳನ್ನು ಮುಂದಿಟ್ಟುಕೊಂಡು ಕುಳಿತೆವು.

ಗೇರು ಬದಲಾಗುವ ಬಗೆ ಹೀಗೆ. ಹಿಡಿಯ ಬಳಿಯ ಲಿವರು ಒಂದು ಸಲ ‘ಟಕ್’ ಎಂದರೆ ತಂತಿಯು ಗೊತ್ತಾದಷ್ಟೇ ಎಳೆಯಲ್ಪಡುತ್ತದೆ. ಸರಪಣಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಎಂಬ ತೋಳು ಆ ಎಳೆತಕ್ಕೆ ಸುಮಾರು 1.7ರಷ್ಟು ಸರಿಯುತ್ತದೆ. 8 ಚಕ್ರಗಳ ಜೋಡಣೆಯಲ್ಲಿ ತಂತಿಯ ಎಳೆತ ಸುಮಾರು 2.8 ಮಿಲಿಮೀಟರು, ಚಕ್ರದಿಂದ ಚಕ್ರಕ್ಕೆ ದೂರ 4.8. ಗುಣಿಸಿ ನೋಡಿದರೆ ಲೆಕ್ಕ ಕೂಡುತ್ತದೆ. 11ರ ಲಿವರು ಎಳೆಯುವುದು ಸುಮಾರು 2.7, ನಮ್ಮ ತೋಳು ಇದರಿಂದ 4.6ರಷ್ಟು ಸರಿದೀತು. ಆದರೆ 11ರ ಚಕ್ರಗಳ ನಡುವಣ ದೂರ ಸುಮಾರು 3.7 ಮಾತ್ರ! ಆದುದರಿಂದ ತೋಳನ್ನೂ ಬದಲಿಸಬೇಕು. ಅಷ್ಟಕ್ಕೇ ಮುಗಿಯದು. ರಸ್ತೆಯ ಬೈಸಿಕಲ್ಲಿನ 11ರ ಗುಚ್ಛವನ್ನು ಕೂರಿಸುವ ಹಬ್ಬು 1.85 ಮಿಲಿಮೀಟರಿನಷ್ಟು ಉದ್ದವಾಗಿರಬೇಕಾದ್ದರಿಂದ ಸಾಮಾನ್ಯವಾಗಿ ಹಿಂದಿನ ಗಾಲಿಯೂ ಹೋಗಬೇಕು. ಸರಪಣಿಯಂತೂ ತೆಳ್ಳನೆಯದೇ ಆಗಬೇಕು. ಒಬ್ಬ ಅತಿಥಿಗಾಗಿ ಮನೆಯವರೆಲ್ಲರೂ ಹೊರಗೆ ಹೋದಂತೆ!

ಹಿಂದಿನ ಕಾಲದಲ್ಲಿ ಈ ಕಟ್ಟುನಿಟ್ಟು ಇರಲಿಲ್ಲ. ಆಗ ಲಿವರಿಗೆ ಗೊತ್ತಾದ ಮೆಟ್ಟಲುಗಳಿರಲಿಲ್ಲ. ಸವಾರನು ಬೆರಳಿನಿಂದ ಸರಿಸುತ್ತ, ಸರಪಣಿಯ ಸದ್ದನ್ನು ಕೇಳಿ ಸರಿಯಾದ ಸ್ಥಾನವನ್ನು ಕಂಡುಕೊಳ್ಳುತ್ತಿದ್ದನು. 1921ರಲ್ಲಿ ಜಪಾನಿನ ಸಕಾಯಿ ಪಟ್ಟಣದಲ್ಲಿ ಸ್ಥಾಪಿತವಾದ ಶಿಮಾನೊ ಸಂಸ್ಥೆಯವರು 1984ರಲ್ಲಿ ‘ಟಕ್’ ಎನ್ನುವ ಲಿವರನ್ನು ತಮ್ಮ ಡ್ಯುರಾ-ಏಸ್ ಮಾದರಿಯಲ್ಲಿ ತಂದರು. ಕಿವಿಯ ಕೆಲಸವು ಯಂತ್ರಕ್ಕೆ ಹೋಯಿತು. ಹೊಂದಿಸಿಕೊಳ್ಳುವ ಔದಾರ್ಯವೂ ಅದರೊಡನೆ ಹೋಯಿತು. ಅನುಕೂಲವು ಹೆಚ್ಚಿದಷ್ಟೂ ಅಳತೆಯು ಬಿಗಿಯಾಗುತ್ತದೆ.

ಹಾಗಾದರೆ ನಮಗೆ ಬೇಕಾದುದೆಷ್ಟು? ಮುಂದಿನ ಚಿಕ್ಕ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೆ 28. ಗಾಲಿಯ ಸುತ್ತಳತೆ ಸುಮಾರು 2.1 ಮೀಟರು. ಪೆಡಲನ್ನು ಒಂದು ಸುತ್ತು ತುಳಿದರೆ ಬೈಸಿಕಲ್ಲು 2.55 ಮೀಟರು ಹೋಗುತ್ತದೆ. ಹಿಂದೆ 32 ಹಲ್ಲಾದರೆ 2.23 ಮೀಟರು. ಅದೇ ವೇಗಕ್ಕೆ ಕಾಲು ಹೆಚ್ಚು ಸಲ ತಿರುಗಬೇಕು, ನಿಜ. ಆದರೆ ತುಳಿತದ ಭಾರದಲ್ಲಿ ಎಂಟನೆಯ ಒಂದು ಪಾಲು ಇಳಿಯುತ್ತದೆ. ಮೊಣಕಾಲು ಬೇಡಿದ್ದು ಇಷ್ಟೇ. 8 ಚಕ್ರಗಳ ಗುಚ್ಛದಲ್ಲಿಯೇ 11ರಿಂದ 32 ಹಲ್ಲಿನವರೆಗಿನದು ದೊರೆಯುತ್ತದೆ.

ಆದರೆ ಇಲ್ಲಿಯೂ ಒಂದು ತೊಡಕು. ಡಿರೇಲರಿಗೆ ಎರಡು ಮಿತಿಗಳುಂಟು: ಎಷ್ಟು ದೊಡ್ಡ ಚಕ್ರದವರೆಗೆ ತಲಪಬಲ್ಲದು, ಎಷ್ಟು ಸಡಿಲು ಸರಪಣಿಯನ್ನು ಸುತ್ತಿಕೊಳ್ಳಬಲ್ಲದು. ಎರಡನೆಯದರ ಲೆಕ್ಕ ಸುಲಭ. ಮುಂದೆ 50 ಮತ್ತು 34, ವ್ಯತ್ಯಾಸ 16, ಹಿಂದೆ 32 ಮತ್ತು 11, ವ್ಯತ್ಯಾಸ 21, ಕೂಡಿದರೆ 37. ನಮ್ಮ ಗಿಡ್ಡ ತೋಳು ಇದಕ್ಕೆ ಸಾಲದು. ಉದ್ದ ತೋಳಿನದು ಬೇಕು. ಸರಪಣಿಯನ್ನೂ ಹಳೆಯದರ ಉದ್ದಕ್ಕೆ ಕತ್ತರಿಸದೆ, ಎರಡೂ ದೊಡ್ಡ ಚಕ್ರಗಳನ್ನು ಸುತ್ತಿಸಿ ನೋಡಿ ಅಳೆಯಬೇಕು. ಗಿಡ್ಡವಾದ ಸರಪಣಿಯು ಏರಿನ ನಡುವೆ ಡಿರೇಲರನ್ನೇ ಕಿತ್ತು ಗಾಲಿಯ ಕಡ್ಡಿಗಳೊಳಗೆ ಎಳೆಯಬಹುದು. ಆಗ ಕೆಡುವುದು ಯಂತ್ರವೊಂದೇ ಅಲ್ಲ.

ಹೀಗೆ ಗುಚ್ಛ, ಉದ್ದ ತೋಳು, ಸರಪಣಿ, ಈ ಮೂರನ್ನು ಮಾತ್ರ ತಂದೆವು. ಲಿವರು, ಗಾಲಿ, ಮುಂದಿನ ಚಕ್ರಗಳು ಇದ್ದಂತೆಯೇ ಉಳಿದವು. ಕೊಳ್ಳುವ ಮೊದಲು ವಿಚಾರಿಸತಕ್ಕದ್ದು ನಾಲ್ಕೇ: ಹಬ್ಬು ಗುಚ್ಛವನ್ನು ಒಪ್ಪುವುದೇ? ಲಿವರಿಗೂ ಡಿರೇಲರಿಗೂ ಲೆಕ್ಕ ಕೂಡುವುದೇ? ಡಿರೇಲರಿನ ಮಿತಿಗಳು ಸಾಲುವುವೇ? ಸರಪಣಿಯ ಅಗಲವೂ ಉದ್ದವೂ ಸರಿಯೇ? ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಹಣದ ಚೀಲವನ್ನು ಬಿಚ್ಚದಿರುವುದು ಮೇಲು.

ಈಗ ನಾವು ಬೆಟ್ಟವನ್ನು ಬೇಗನೆ ಹತ್ತುತ್ತೇವೆಂದಲ್ಲ; ಯುವಕರು ಮೊದಲಿನಂತೆಯೇ ನಮಸ್ಕಾರ ಹೇಳಿ ಮುಂದೆ ಹೋಗುತ್ತಾರೆ. ಆದರೆ ಸೋಮವಾರ ಬೆಳಗ್ಗೆ ಮಹಡಿಯ ಮೆಟ್ಟಲಿಳಿಯುವಾಗ ಗೋಡೆಯನ್ನು ಹಿಡಿಯಬೇಕಾಗಿಲ್ಲ. ತೆಗೆದ ಹಳೆಯ ಗುಚ್ಛವನ್ನೂ ಗಿಡ್ಡ ತೋಳನ್ನೂ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಮಗನು ರಜೆಗೆ ಬಂದಾಗ ತನ್ನ ಬೈಸಿಕಲ್ಲು ಮೊದಲಿನಂತೆಯೇ ಬೇಕೆಂದರೆ ಅರ್ಧ ದಿನದ ಕೆಲಸವಷ್ಟೆ.