ಸೋದರಿತ್ವದ ಮೂಲಧನ

ಸಂಘವನ್ನು ಕಟ್ಟುವುದು ಸುಲಭ. ಕಟ್ಟಿದ ಸಂಘವು ಯಾರ ಹಿತಕ್ಕಾಗಿ ನಿಂತಿದೆ ಎಂಬ ಪ್ರಶ್ನೆಗೆ ಉತ್ತರಿಸುವುದು ಕಠಿನ. ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿನಿಯರು ಕಟ್ಟಿಕೊಂಡ 'ಸೊರೋರಿಟಿ'ಗಳ ಇತಿಹಾಸದಲ್ಲಿ ಈ ಪ್ರಶ್ನೆಯು ಮರಳಿ ಮರಳಿ ಎದ್ದಿದೆ. ಲ್ಯಾಟಿನ್ ಭಾಷೆಯಲ್ಲಿ 'ಸೊರೊರ್' ಎಂದರೆ ಸೋದರಿ. ಗ್ರೀಕ್ ಅಕ್ಷರಗಳ ಹೆಸರು, ತಮ್ಮದೇ ಆದ ಬಣ್ಣ, ಲಾಂಛನ, ಗೋಪ್ಯವಾದ ದೀಕ್ಷಾವಿಧಿ, ಆಯ್ದವರಿಗೆ ಮಾತ್ರ ಪ್ರವೇಶ: ಇವು ಅವುಗಳ ಬಾಹ್ಯ ಲಕ್ಷಣಗಳು. ಅಂತರಂಗದ ಮೌಲ್ಯವನ್ನು ತಿಳಿಯಬೇಕಾದರೆ ಆಚರಣೆಯನ್ನಲ್ಲ, ಆಚಾರವನ್ನು ನೋಡಬೇಕು.

ವಾಷಿಂಗ್ಟನ್ ನಗರದ ಹೊವರ್ಡ್ ವಿಶ್ವವಿದ್ಯಾಲಯವು 1867ರಲ್ಲಿ ಸ್ಥಾಪನೆಗೊಂಡಿತು. ಗುಲಾಮಗಿರಿ ಕಾನೂನಿನಿಂದ ಅಳಿದು ಆಗ ಎರಡು ವರ್ಷಗಳಷ್ಟೇ ಆಗಿದ್ದವು. ಅಲ್ಲಿ 1908ರ ಜನವರಿ 15ರಂದು ಎಥೆಲ್ ಹೆಜ್‌ಮನ್ ಎಂಬ ವಿದ್ಯಾರ್ಥಿನಿಯ ಪ್ರಯತ್ನದಿಂದ 9 ಜನ ತರುಣಿಯರು 'ಆಲ್ಫಾ ಕಪ್ಪಾ ಆಲ್ಫಾ' ಎಂಬ ಸಂಘವನ್ನು ಆರಂಭಿಸಿದರು. ಕಪ್ಪು ವರ್ಣದ ಕಾಲೇಜು ಮಹಿಳೆಯರ ಇಂತಹ ಸಂಘಗಳಲ್ಲಿ ಇದೇ ಮೊದಲನೆಯದು. ಕಾಲೇಜಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಪರಸ್ಪರ ಆಸರೆಯೇ ಅವರ ಮೂಲಧನವಾಗಿತ್ತು.

ನಾಲ್ಕೇ ವರ್ಷಗಳಲ್ಲಿ ಭಿನ್ನಾಭಿಪ್ರಾಯ ತಲೆದೋರಿತು. ಸಂಘದ ಹೆಸರು, ಲಾಂಛನಗಳನ್ನು ಬದಲಿಸಿ ಅದನ್ನು ಸಾರ್ವಜನಿಕ ಕಾರ್ಯಗಳತ್ತ ತಿರುಗಿಸಬೇಕೆಂದು 1912ರಲ್ಲಿ ಕೆಲವರು ಬಯಸಿದರು. ಪದವೀಧರೆ ನೆಲ್ಲಿ ಕ್ವಾಂಡರ್ ಇದನ್ನು ಒಪ್ಪದೆ, 1913ರ ಜನವರಿ 29ರಂದು ಮೂಲ ಸಂಘವನ್ನು ಕಾನೂನುಬದ್ಧವಾಗಿ ನೋಂದಾಯಿಸಲು ಮುಂದಾಳಾದರು. ಅದೇ ತಿಂಗಳ 13ರಂದು ಹೊರಬಂದ 22 ಮಂದಿ 'ಡೆಲ್ಟಾ ಸಿಗ್ಮಾ ಥೀಟಾ'ವನ್ನು ಸ್ಥಾಪಿಸಿದ್ದರು. ಇವರು ಮಾರ್ಚ್ 3ರಂದು ವಾಷಿಂಗ್ಟನ್ನಿನ ಬೀದಿಗಳಲ್ಲಿ ನಡೆದ ಮಹಿಳಾ ಮತಾಧಿಕಾರದ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದರು. ಪಾಲುದಾರರು ಬೇರೆಯಾದಾಗ ಅಂಗಡಿಯೇ ಮುಚ್ಚುವುದು ಲೋಕದಲ್ಲಿ ಸಾಮಾನ್ಯ. ಇಲ್ಲಿ ಒಂದು ಮನೆ ಎರಡಾಯಿತು. ಎರಡೂ ಇಂದಿಗೂ ಬೆಳಗುತ್ತಿವೆ.

ಆದರೆ ಸೋದರಿತ್ವದ ನಿಜವಾದ ಪರೀಕ್ಷೆ ನಡೆದದ್ದು ಕಾಲೇಜಿನ ಆವರಣದಲ್ಲಲ್ಲ, ಮಿಸಿಸಿಪಿಯ ಹತ್ತಿಯ ಹೊಲಗಳಲ್ಲಿ. 1935ರ ಬೇಸಿಗೆಯಲ್ಲಿ ಆಲ್ಫಾ ಕಪ್ಪಾ ಆಲ್ಫಾದ ಸದಸ್ಯೆ ಡಾ. ಡೊರೊಥಿ ಫೆರೆಬಿ ಅವರ ನೇತೃತ್ವದಲ್ಲಿ ಸ್ವಯಂಸೇವಕಿಯರು ಹೋಮ್ಸ್ ಕೌಂಟಿಗೆ ಬಂದರು. ಗೇಣಿ ರೈತರ ಮಕ್ಕಳಿಗೆ ಸಿಡುಬು, ಗಂಟಲಮಾರಿ ರೋಗಗಳ ವಿರುದ್ಧ ಲಸಿಕೆ ಹಾಕುವುದು ಅವರ ಉದ್ದೇಶಗಳಲ್ಲೊಂದು. ವರ್ಣಭೇದದ ರೈಲನ್ನು ಬಿಟ್ಟು ಸ್ವಂತ ಕಾರುಗಳಲ್ಲಿಯೇ ಅವರು ದೂರದ ಪ್ರಯಾಣ ಮಾಡಿದ್ದರು. ಅಲ್ಲಿ ತೋಟದ ಮಾಲೀಕರು ಈ ವಿದ್ಯಾವಂತ ಸ್ತ್ರೀಯರನ್ನು ಸಂಶಯದಿಂದ ಕಂಡು, ತಮ್ಮ ಆಳುಗಳನ್ನು ಚಿಕಿತ್ಸಾಲಯಕ್ಕೆ ಕಳುಹಿಸಲೊಪ್ಪಲಿಲ್ಲ. ಹಿಂದಿರುಗಲು ಅದೊಂದು ನೆಪ ಸಾಕಿತ್ತು. ಅವರು ಹಿಂದಿರುಗಲಿಲ್ಲ, ಔಷಧಗಳನ್ನು ಕಾರುಗಳಲ್ಲಿ ತುಂಬಿಕೊಂಡು ಹೊಲಗಳ ಬಳಿಗೇ ಹೋದರು. ರೋಗಿಯು ವೈದ್ಯರ ಬಾಗಿಲಿಗೆ ಬರಲಾಗದಾಗ ವೈದ್ಯರೇ ರೋಗಿಯ ಬಾಗಿಲಿಗೆ ಬಂದರು. ಏಳು ಬೇಸಿಗೆಗಳ ಕಾಲ ಈ ಸೇವೆ ನಡೆಯಿತು. ಮುಂದೆ 1949ರಲ್ಲಿ ಡಾ. ಫೆರೆಬಿ ಅವರು ಕಪ್ಪು ಮಹಿಳೆಯರ ರಾಷ್ಟ್ರೀಯ ಮಂಡಳಿಯ ಅಧ್ಯಕ್ಷೆಯಾದರು.

ಲೆಕ್ಕದ ಪುಸ್ತಕದಲ್ಲಿ ಜಮೆಯ ಪುಟವನ್ನಷ್ಟೇ ತೋರಿಸುವುದು ಪ್ರಾಮಾಣಿಕತೆಯಲ್ಲ. ಆಯ್ಕೆಯಿರುವಲ್ಲಿ ಅಹಂಕಾರಕ್ಕೂ ಎಡೆಯುಂಟು. ಹೊಸಬರನ್ನು ಪೀಡಿಸಿ ಪರೀಕ್ಷಿಸುವ ದುಷ್ಟ ಪದ್ಧತಿ ಅಮೆರಿಕದ ವಿದ್ಯಾರ್ಥಿ ಸಂಘಗಳಲ್ಲಿ ಬೇರೂರಿ ಪ್ರಾಣಹಾನಿಗೂ ಕಾರಣವಾಗಿದೆ. 1990ರಲ್ಲಿ ಕಪ್ಪು ವರ್ಣದವರ ಸಂಘಗಳ ಒಕ್ಕೂಟವು ಪ್ರವೇಶಕ್ಕೆ ಮುಂಚಿನ ಹಳೆಯ ಉಮೇದುವಾರಿಕೆಯ ಕ್ರಮವನ್ನೇ ರದ್ದುಪಡಿಸಿತು. ಆದರೂ ದೂರುಗಳು ಪೂರ್ಣವಾಗಿ ನಿಂತಿಲ್ಲ. ಅಕ್ಕನೆನಿಸಿಕೊಂಡವಳು ತಂಗಿಯನ್ನು ಅವಮಾನಿಸಿದರೆ ಆ ಹೆಸರಿಗೇ ಕಳಂಕ.

ಈ ಸಂಘಗಳ ಸದಸ್ಯತ್ವವು ಪದವಿಯೊಂದಿಗೆ ಮುಗಿಯುವುದಿಲ್ಲ, ಜೀವನಪರ್ಯಂತ ಉಳಿಯುತ್ತದೆ. ಆದುದರಿಂದಲೇ ಅದರ ಹೊಣೆಯೂ ಜೀವನಪರ್ಯಂತದ್ದು. ಬಾಗಿಲನ್ನು ಮುಚ್ಚಿಕೊಂಡು ಕುಳಿತ ಬಳಗವು ಕೂಟವೆನಿಸೀತು. ಹೊಲದ ಬದುವಿನಲ್ಲಿ ಕಾರು ನಿಲ್ಲಿಸಿ, ಪರರ ಮಗುವಿನ ತೋಳಿಗೆ ಲಸಿಕೆ ಹಾಕಿದ ದಿನ ಆ ಕೂಟವು ಸೋದರಿತ್ವವೆಂಬ ಹೆಸರಿಗೆ ಅರ್ಹವಾಯಿತು.