ಒಂದೇ ಗೀರು

ಕಳೆದ ಯುಗಾದಿಗೆ ಮೂರು ದಿನ ಮುಂಚೆ ನಮ್ಮ ಮನೆಗೆ ಒಂದು ದೊಡ್ಡ ಪೆಟ್ಟಿಗೆ ಬಂದಿತು. ಕಳುಹಿಸಿದವನು ಮೈಸೂರಿನಲ್ಲಿರುವ ನನ್ನ ಮಗ. ಒಳಗೆ ಇದ್ದುದು ಹೊಚ್ಚ ಹೊಸ ರೆಕಾರ್ಡ್ ಪ್ಲೇಯರ್. ‘ಅಟ್ಟದ ಮೇಲಿನ ಟ್ರಂಕಿನಲ್ಲಿ ನಿಮ್ಮ ತಟ್ಟೆಗಳು ಸುಮ್ಮನೆ ಮಲಗಿವೆಯಲ್ಲ, ಅವನ್ನು ಎಬ್ಬಿಸಿ’ ಎಂದು ಫೋನಿನಲ್ಲಿ ಹೇಳಿದ. ಈ ವಯಸ್ಸಿನಲ್ಲಿ ನನಗೇಕೆ ಇಂಥ ಆಟದ ಸಾಮಾನು ಎಂದು ಬಾಯಲ್ಲಿ ಗೊಣಗಿದೆನಾದರೂ, ಮನಸ್ಸು ಆಗಲೇ ಅಟ್ಟದ ಏಣಿಯನ್ನು ಹುಡುಕುತ್ತಿತ್ತು.

ನನ್ನ ಬಾಲ್ಯದಲ್ಲಿ, ಹಿರಿಯರು ಇನ್ನೂ ಕನಕಪುರವನ್ನು ‘ಕಾನಕಾನಹಳ್ಳಿ’ ಎಂದೇ ಕರೆಯುತ್ತಿದ್ದ ಕಾಲದಲ್ಲಿ, ನಮ್ಮ ತಂದೆಯವರ ಬಳಿ ಕೀಲಿ ಕೊಡುವ ಒಂದು ಗ್ರಾಮಫೋನ್ ಇದ್ದಿತು. ಪ್ರತಿ ಹಾಡಿಗೂ ಕೀಲಿ ತಿರುಗಿಸಬೇಕು, ಉಕ್ಕಿನ ಮುಳ್ಳನ್ನು ಬದಲಿಸಬೇಕು. ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಮೂರು ಮೂರೂವರೆ ನಿಮಿಷಕ್ಕೆ ಒಂದು ಮಗ್ಗುಲು ಮುಗಿದುಹೋಗುತ್ತಿತ್ತು. ಬೇಸಿಗೆಯ ರಾತ್ರಿ ಜಗಲಿಯ ಮೇಲೆ ಅದನ್ನಿಟ್ಟರೆ ಓಣಿಯವರೆಲ್ಲ ಬಂದು ಕೂರುತ್ತಿದ್ದರು. ಆ ಪೆಟ್ಟಿಗೆ ಎಂದೋ ಹಾಳಾಗಿ ಗುಜರಿಗೆ ಹೋಯಿತು. ಉಳಿದದ್ದು ಒಂದೇ ತಟ್ಟೆ. ಅದರಲ್ಲಿರುವುದು ಯಾವುದೋ ನಾಟಕದ ಹಾಡು. ನಡುವಿನ ಚೀಟಿಯ ಅಕ್ಷರಗಳೆಲ್ಲ ಅಳಿಸಿಹೋಗಿವೆ.

ನಮ್ಮ ದೇಶದಲ್ಲಿ ಈ ತಟ್ಟೆಗಳ ಕಥೆ ಆರಂಭವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಅಂದು ಧ್ವನಿಮುದ್ರಣ ಕೊಟ್ಟವರಲ್ಲಿ ಹೆಸರಾದವಳು ಗೌಹರ್ ಜಾನ್. ಅಷ್ಟು ಕೀರ್ತಿ ಪಡೆದ ಆ ಗಾಯಕಿ ತನ್ನ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1928ರಲ್ಲಿ ಅರಮನೆಯ ಗಾಯಕಿಯಾಗಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಣು ಮುಚ್ಚಿದಳೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಇನ್ನೊಂದು ಸಂಗತಿಯೂ ನಮ್ಮ ನೆಲಕ್ಕೆ ಹತ್ತಿರದ್ದು. ಹಳೆಯ 78ರ ತಟ್ಟೆಗಳನ್ನು ಮಾಡುತ್ತಿದ್ದುದು ಅರಗಿನಿಂದ. ಅರಗಿಗೆ ಕಲ್ಲಿನ ಪುಡಿ, ಮಸಿ, ನಾರು ಬೆರೆಸಿ ಬಿಸಿಯಲ್ಲಿ ಒತ್ತಿ ತಟ್ಟೆ ತೆಗೆಯುತ್ತಿದ್ದರು. ಪಕ್ಕದ ಚನ್ನಪಟ್ಟಣದ ಕುಶಲಕರ್ಮಿಗಳು ಆಲೆ ಮರದ ಬೊಂಬೆಗೆ ಹಚ್ಚುವ ಬಣ್ಣದ ಅರಗೂ ಅದೇ ಪುಟ್ಟ ಕೀಟದ ಕೊಡುಗೆ. ಮಗುವಿನ ಕೈಯ ಗಿಲಕಿಗೂ ಅಪ್ಪನ ಹಾಡಿನ ತಟ್ಟೆಗೂ ಹೀಗೊಂದು ನಂಟು!

ಇನ್ನು ಹೊಸ ಯಂತ್ರದ ವಿಚಾರ. ಹಬ್ಬಕ್ಕೆ ಬಂದಿದ್ದ ಮೊಮ್ಮಗಳು ನನ್ನ ಸಹಾಯಕಿ. ಮೊದಲು ಟೀಪಾಯಿಯ ಮೇಲಿಟ್ಟೆವು. ಯಾರಾದರೂ ನಡೆದರೆ ಸಾಕು, ಮುಳ್ಳು ಹಾರುತ್ತಿತ್ತು. ಕೊನೆಗೆ ಗೋಡೆಯಲ್ಲಿ ಹುದುಗಿದ ಕಡಪ ಕಲ್ಲಿನ ಗೂಡಿನಲ್ಲಿ ಅದಕ್ಕೆ ಸ್ಥಳವಾಯಿತು. ಗಾರೆ ಕೆಲಸದವರಿಂದ ರಸಮಟ್ಟ ತರಿಸಿ, ಒಂದು ಕಾಲಿನ ಕೆಳಗೆ ಮಡಿಸಿದ ಕಾಗದ ಇಟ್ಟು ಸಮತಲ ಮಾಡಿದೆವು. ಮೋಟಾರಿನ ಪುಟ್ಟ ಗಾಲಿಗೂ ತಿರುಗುವ ತಟ್ಟೆಗೂ ರಬ್ಬರಿನ ಬೆಲ್ಟು ತೊಡಿಸಿದೆವು.

ಆಮೇಲಿನದು ತೂಕದ ಕೆಲಸ. ಮುಳ್ಳಿರುವ ತೋಳಿನ ಹಿಂತುದಿಯಲ್ಲಿ ತಿರುಗಿಸಬಹುದಾದ ಒಂದು ಗುಂಡು ಇರುತ್ತದೆ. ತೋಳು ತಕ್ಕಡಿಯ ದಂಡದಂತೆ ಗಾಳಿಯಲ್ಲಿ ಸಮನಾಗಿ ನಿಲ್ಲುವವರೆಗೆ ಅದನ್ನು ಹಿಂದೆ ಮುಂದೆ ಸರಿಸಬೇಕು. ಅಲ್ಲಿ ಅಂಕಿಯನ್ನು ಸೊನ್ನೆಗೆ ತಂದು, ಬಳಿಕ ಹೇಳಿದಷ್ಟು ಭಾರ ಕೊಡಬೇಕು. ನಮ್ಮದಕ್ಕೆ 2 ಗ್ರಾಂ. ಅಪ್ಪನ ಗ್ರಾಮಫೋನಿನ ತಲೆ ತಟ್ಟೆಯ ಮೇಲೆ ಹೇರುತ್ತಿದ್ದ ಭಾರ 100 ಗ್ರಾಂಗೂ ಹೆಚ್ಚು. ‘ಸನ್ನೆ’ಯ ಪಾಠವನ್ನು ನೂರಾರು ಸಲ ಮಾಡಿದ ನಾನು ಆ ಗುಂಡನ್ನು ಸರಿಪಡಿಸಲು ಮುಕ್ಕಾಲು ಗಂಟೆ ತೆಗೆದುಕೊಂಡೆನೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಎಲ್ಲ ಸರಿಯಾಯಿತೆಂದು 1963ರಲ್ಲಿ ಮೊದಲು ಹೊರಬಂದ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೇಂಕಟೇಶ ಸುಪ್ರಭಾತದ ತಟ್ಟೆಯನ್ನಿಟ್ಟು ಮುಳ್ಳು ಇಳಿಸಿದರೆ, ಬಂದದ್ದು ಸೊಳ್ಳೆಯ ದನಿ! ಯಂತ್ರದ ಹಿಂದಿನ ಗುಂಡಿಯನ್ನು ತಪ್ಪು ಕಡೆಗೆ ತಳ್ಳಿದ್ದೆ. ತಟ್ಟೆ ಕೊರೆಯುವಾಗ ಮಂದ್ರ ಸ್ವರಗಳನ್ನು ತಗ್ಗಿಸಿ, ತಾರ ಸ್ವರಗಳನ್ನು ಏರಿಸಿ ಕೊರೆಯುತ್ತಾರೆ. ಇಲ್ಲವಾದರೆ ಮಂದ್ರದ ದೊಡ್ಡ ಓಲಾಟಕ್ಕೆ ಗೀರುಗಳು ಒಂದರ ಮೇಲೊಂದು ಬಿದ್ದಾವು. ನುಡಿಸುವಾಗ ಅದನ್ನು ತಿರುವುಮುರುವು ಮಾಡಿ ಮೊದಲಿನಂತಾಗಿಸುವ ಒಂದು ಪುಟ್ಟ ವಿದ್ಯುನ್ಮಂಡಲ ಬೇಕು. ಗುಂಡಿ ತಳ್ಳಿದೊಡನೆ ಆ ಮಂಡಲ ಎಚ್ಚರಗೊಂಡಿತು. ಮನೆ ತುಂಬ ಎಂ.ಎಸ್. ಅವರ ಕಂಠ ತುಂಬಿತು. ಅಡುಗೆಮನೆಯಿಂದ ನನ್ನಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಿನಲ್ಲಿ ನಿಂತಳು.

ಆಗ ಮೊಮ್ಮಗಳು ತಟ್ಟೆಯ ಮೇಲೆ ಬಗ್ಗಿ ಕೇಳಿದಳು: ‘ತಾತ, ಇದರಲ್ಲಿ ಎಷ್ಟು ಗೆರೆಗಳಿವೆ?’

ನಾನು ಉತ್ತರಿಸಲಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ನನ್ನ ಎದೆಯಲ್ಲಿ ಚುಚ್ಚುತ್ತಿದ್ದ ಮುಳ್ಳು ಅದೇ ಪ್ರಶ್ನೆ.

1979ರ ಮಾತು. ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಅಧ್ಯಾಪಕ. ಒಂಬತ್ತನೆಯ ತರಗತಿಗೆ ‘ಶಬ್ದ’ ಎಂಬ ಪಾಠ. ಸ್ನೇಹಿತರೊಬ್ಬರ ಹೆಚ್.ಎಂ.ವಿ. ಫಿಯೆಸ್ಟಾ ಪ್ಲೇಯರನ್ನು ಬೇಡಿ ತಂದು, ಒಂದು ತಟ್ಟೆಯನ್ನು ಎತ್ತಿ ಹಿಡಿದು, ‘ಇದರ ಒಂದು ಮಗ್ಗುಲಿನಲ್ಲಿ ಎಷ್ಟು ಗೀರುಗಳಿರಬಹುದು, ಅಂದಾಜು ಹೇಳಿ’ ಎಂದೆ. ನೂರು ಎಂದರು, ಐನೂರು ಎಂದರು. ಹಿಂದಿನ ಬೆಂಚಿನಿಂದ, ರೇಷ್ಮೆ ನೂಲು ಬಿಚ್ಚುವವರ ಮನೆಯ ಹುಡುಗನೊಬ್ಬ ಎದ್ದು, ‘ಒಂದೇ ಸಾರ್’ ಎಂದ. ತರಗತಿ ಘೊಳ್ಳೆಂದು ನಕ್ಕಿತು. ನಾನೂ ನಕ್ಕೆ. ‘ಗೂಡಿನ ಎಳೆ ಇದ್ದ ಹಾಗೆ ಸಾರ್...’ ಎಂದು ಅವನು ಏನೋ ಹೇಳಲು ಹೊರಟ. ನಾನು ಬಿಡಲಿಲ್ಲ. ‘ನಿನಗೆ ಕಣ್ಣಿಲ್ಲವೇನೋ?’ ಎಂದು ಗದರಿಸಿ ಗಂಟೆ ಹೊಡೆಯುವವರೆಗೆ ನಿಲ್ಲಿಸಿದೆ.

ಅಂದು ಸಂಜೆ ಪ್ಲೇಯರನ್ನು ಹಿಂದಿರುಗಿಸುವ ಮುನ್ನ ಮನೆಯಲ್ಲಿ ಒಂದು ಹಾಡು ಕೇಳುತ್ತ ಕುಳಿತಿದ್ದೆ. ತೋಳು ಹೊರ ಅಂಚಿನಿಂದ ನಿಧಾನವಾಗಿ ಒಳಗೆ ಸರಿಯುತ್ತಿತ್ತು. ಎಲ್ಲಿಯೂ ಎದ್ದು ಹಾರಲಿಲ್ಲ, ಒಂದು ಗೀರಿನಿಂದ ಇನ್ನೊಂದಕ್ಕೆ ನೆಗೆಯಲಿಲ್ಲ. ನೆಗೆಯಲು ಇನ್ನೊಂದು ಗೀರು ಇದ್ದರೆ ತಾನೇ? ಇರುವುದು ಸುರುಳಿ ಸುತ್ತಿದ ಒಂದೇ ಗೀರು. ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ.

ಮರುದಿನ ತರಗತಿಯಲ್ಲಿ ಇದನ್ನು ಹೇಳಬೇಕಾಗಿತ್ತು. ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ. ನಲವತ್ತು ಮಕ್ಕಳೆದುರು ‘ನಾನು ತಪ್ಪಿದೆ’ ಎನ್ನಲು ಆಗ ನನಗಿದ್ದ ಮೂವತ್ತೊಂದರ ಜಂಬ ಅಡ್ಡ ಬಂದಿತು. ಹುಡುಗ ಆಮೇಲೆ ತರಗತಿಯಲ್ಲಿ ಕೈ ಎತ್ತಿದ್ದನ್ನು ನಾನು ಕಾಣೆ. ವರ್ಷದ ಕೊನೆಗೆ ಶಾಲೆ ಬಿಟ್ಟು ಮನೆಯ ಕಸುಬಿಗೆ ಇಳಿದ. ಅದಕ್ಕೆ ಬಡತನ ಕಾರಣವೆಂದು ಎಲ್ಲರೂ ಹೇಳಿದರು. ನಾನೂ ಹಾಗೆಯೇ ನಂಬಿಕೊಂಡೆ. ಮುಂದೆ ಸಂತೆಯಲ್ಲಿಯೋ ಬಸ್ ನಿಲ್ದಾಣದಲ್ಲಿಯೋ ಸಿಕ್ಕಾಗಲೆಲ್ಲ ‘ನಮಸ್ಕಾರ ಸಾರ್’ ಎನ್ನುತ್ತಿದ್ದ. ನಾನು ಮಳೆ ಬೆಳೆ ವಿಚಾರಿಸಿ ಜಾರಿಕೊಳ್ಳುತ್ತಿದ್ದೆ.

ಮೊಮ್ಮಗಳಿಗೆ ಅಂದು ಉತ್ತರ ಹೇಳಿ, ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಎಲ್.ಪಿ. ತಟ್ಟೆ ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುತ್ತದೆ. ಒಂದು ಮಗ್ಗುಲು 22 ನಿಮಿಷವೆಂದರೆ ಸುಮಾರು 733 ಸುತ್ತು. ಸರಾಸರಿ ತ್ರಿಜ್ಯ 10 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಂದು ಸುತ್ತು ಸುಮಾರು 63 ಸೆಂಟಿಮೀಟರ್. ಒಟ್ಟು ಉದ್ದ 460 ಮೀಟರ್! ಒಂದು ರೇಷ್ಮೆ ಗೂಡಿನಲ್ಲಿಯೂ ಹೀಗೆಯೇ ಕಡಿಯದ ಒಂದೇ ಎಳೆ ನೂರಾರು ಮೀಟರ್ ಇರುತ್ತದೆ. ಒಳ್ಳೆಯ ದ್ವಿತಳಿ ಗೂಡಾದರೆ ಸಾವಿರ ಮೀಟರ್ ದಾಟುವುದೂ ಉಂಟು. ದಿನವೂ ಬಿಸಿನೀರಿನ ಬಾಣಲೆಯಲ್ಲಿ ಎಳೆಯ ತುದಿ ಹುಡುಕುತ್ತಿದ್ದ ಮಕ್ಕಳಿಗೆ ಅದು ಕಂಡಿತ್ತು. ಪದವಿ ಪಡೆದ ನನಗೆ ಕಂಡಿರಲಿಲ್ಲ.

ಹಬ್ಬ ಕಳೆದ ಭಾನುವಾರ ಧೈರ್ಯ ಮಾಡಿ ಅವನ ಮನೆಗೆ ಹೋದೆ. ಅವನಿಗೂ ಈಗ ಅರವತ್ತು ದಾಟಿದೆ, ಮೀಸೆ ಬೆಳ್ಳಗಾಗಿದೆ. ಕಾಫಿ ಬರುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೆನಪಿದೆ ಸಾರ್’ ಎಂದ. ‘ಮರೆತೆ’ ಎಂದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಅವನು ಹಾಗೆನ್ನಲಿಲ್ಲ. ಆಮೇಲೆ, ‘ಆ ಪೆಟ್ಟಿಗೆಯನ್ನು ಹತ್ತಿರದಿಂದ ನೋಡಲು ಆಗಲಿಲ್ಲ. ನಿಂತಿದ್ದೆನಲ್ಲ’ ಎಂದ.

ಅದೇ ಸಂಜೆ ಅವನನ್ನು ಮನೆಗೆ ಕರೆತಂದೆ. ಮುಳ್ಳನ್ನು ಅವನೇ ಇಳಿಸಿದ. ನೂಲಿನ ಎಳೆ ಹಿಡಿದು ಪಳಗಿದ ಬೆರಳುಗಳು. ಒಂದಿಷ್ಟೂ ಕರಕರ ಸದ್ದಾಗಲಿಲ್ಲ. ಹಾಡು ಮುಗಿಯುವವರೆಗೆ ತೋಳಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಮುಳ್ಳು ಚೀಟಿಯ ಬಳಿ ಬಂದು ಅಲ್ಲಿಯೇ ಸುತ್ತತೊಡಗಿದಾಗ, ‘ತುದಿ ಎಲ್ಲಿ ಹೋಯಿತು ಸಾರ್?’ ಎಂದು ಕೇಳಿದ. ಎಳೆ ತನ್ನನ್ನು ತಾನೇ ಕೂಡಿಕೊಂಡು ಒಂದು ವೃತ್ತವಾಗುತ್ತದೆ, ಮುಳ್ಳು ಚೀಟಿಯ ಮೇಲೆ ಹತ್ತದಿರಲೆಂದು ಹಾಗೆ ಮಾಡಿರುತ್ತಾರೆ ಎಂದು ವಿವರಿಸಿದೆ. ತಲೆಯಾಡಿಸಿ, ‘ಇನ್ನೊಂದು ಮಗ್ಗುಲು ಹಾಕಿ’ ಎಂದ.

ಅಪ್ಪನ ತಟ್ಟೆಯ ಮಾತು ಉಳಿಯಿತು. ಈ ಯಂತ್ರಕ್ಕೆ 33 ಮತ್ತು 45ರ ವೇಗಗಳು ಮಾತ್ರ ಉಂಟು. ಅಲ್ಲದೆ 78ರ ಗೀರು ಎಲ್.ಪಿ.ಯದಕ್ಕಿಂತ ಸುಮಾರು ಮೂರು ಪಟ್ಟು ಅಗಲ. ಅದಕ್ಕೆ ದಪ್ಪ ತುದಿಯ ಬೇರೆ ಮುಳ್ಳೇ ಬೇಕು. ಆದ್ದರಿಂದ ಅದನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನಿಲ್ಲಿಸಿ ಇಟ್ಟಿದ್ದೇನೆ. ನೀವೂ ಹಾಗೆ ಇಡಿ. ಮಲಗಿಸಿ ಒಂದರ ಮೇಲೊಂದು ಹೇರಿದರೆ ಭಾರಕ್ಕೆ ತಟ್ಟೆಗಳು ಹಾಳಾಗುತ್ತವೆ.

ನನ್ನ ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅಂದಿನ ಆ ತರಗತಿಯಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಂದು ನಾನು ಹೇಳದೆ ಬಿಟ್ಟ ಪಾಠ ಇದು: ಗೀರು ಒಂದೇ. ನಾವು ನಕ್ಕದ್ದು ತಪ್ಪು. ಕನಕಪುರದ ಕಡೆ ಬಂದರೆ ಮನೆಗೆ ಬನ್ನಿ. ಮನೆಯಲ್ಲಿ ಹಳೆಯ ತಟ್ಟೆಗಳಿದ್ದರೆ ಧೂಳು ಒರೆಸಿ ತನ್ನಿ. ಭಾನುವಾರ ಸಂಜೆಯಾದರೆ ಇನ್ನೂ ಒಳ್ಳೆಯದು. ಆ ಹೊತ್ತಿಗೆ ಅವನೂ ಬರುತ್ತಾನೆ.