ಓಡುವ ಕಣ್ಣಿಗೆ ನಿಂತ ಅಕ್ಷರ

ಪುಣೆಯಿಂದ ಹುಬ್ಬಳ್ಳಿಗೆ ಹೊರಟ ಕನ್ನಡಿಗರಿಗೆ ಕೊಲ್ಹಾಪುರ, ಕಾಗಲ್ ದಾಟಿ ನಿಪ್ಪಾಣಿ ಹತ್ತಿರವಾದಂತೆ ಹೆದ್ದಾರಿಯ ಹಸಿರು ಫಲಕಗಳಲ್ಲಿ ಕನ್ನಡ ಕಾಣಿಸತೊಡಗುತ್ತದೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ಅದು ಊರು ಬಂತೆನ್ನುವ ಖುಷಿ. ಸ್ಟೇರಿಂಗ್ ಹಿಡಿದವರ ಪಾಡು ಬೇರೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. 100 ಮೀಟರ್ ದೂರದಿಂದಲೇ ಓದಲು ಬರುವ ಫಲಕಕ್ಕೆ ಸಿಗುವುದು ನಾಲ್ಕೂವರೆ ಸೆಕೆಂಡು. 50 ಮೀಟರಿಗೆ ಬಂದ ಮೇಲಷ್ಟೇ ಅಕ್ಷರ ಬಿಡಿಸಿಕೊಂಡರೆ ಎರಡು ಚಿಲ್ಲರೆ. ಆ ಗಡಿಬಿಡಿಯಲ್ಲಿ ಮನೆಮಾತು ಕನ್ನಡವಾದವರ ಕಣ್ಣೂ ಎಷ್ಟೋ ಸಲ ಇಂಗ್ಲಿಷ್ ಸಾಲಿಗೆ ಜಾರುತ್ತದೆ. ಅದನ್ನು ಅಭಿಮಾನದ ಕೊರತೆ ಎಂದುಬಿಡುವುದು ಸುಲಭ. ಆದರೆ ತಪ್ಪು ಹೆಚ್ಚಾಗಿ ಇರುವುದು ಅಕ್ಷರವನ್ನು ಫಲಕದಲ್ಲಿ ಕೂರಿಸಿದ ರೀತಿಯಲ್ಲಿ.

ವೇಗದಲ್ಲಿ ಓದುವುದು ಹೇಗೆ ಎಂಬ ಪ್ರಶ್ನೆಗೆ ಬ್ರಿಟನ್ 1950ರ ದಶಕದ ಕೊನೆಯಲ್ಲಿ, ಮೋಟರ್‌ವೇಗಳು ಬರುತ್ತಿದ್ದಾಗ, ಉತ್ತರ ಹುಡುಕಿತು. ವಿನ್ಯಾಸಕಾರ ಜಾಕ್ ಕಿನ್ನಿಯರ್ ಮತ್ತು ಅವರ ವಿದ್ಯಾರ್ಥಿನಿಯಾಗಿದ್ದ ಮಾರ್ಗರೆಟ್ ಕ್ಯಾಲ್ವರ್ಟ್ ಸೇರಿ 'ಟ್ರಾನ್ಸ್‌ಪೋರ್ಟ್' ಎಂಬ ಅಕ್ಷರಶೈಲಿ ರೂಪಿಸಿದರು. ಊರಿನ ಹೆಸರಿನ ಮೊದಲ ಅಕ್ಷರ ಮಾತ್ರ ದೊಡ್ಡದು, ಉಳಿದವು ಚಿಕ್ಕವು. ಉದ್ದ ಗಿಡ್ಡ ಅಕ್ಷರಗಳು ಸೇರಿದಾಗ ಪ್ರತಿ ಹೆಸರಿಗೂ ತನ್ನದೇ ಆಕಾರ ಬರುತ್ತದೆ ಎಂಬುದು ಅವರ ಲೆಕ್ಕ. ಕಲ್ಲಿನಲ್ಲಿ ಅಕ್ಷರ ಕೆತ್ತುತ್ತಿದ್ದ ಡೇವಿಡ್ ಕಿಂಡರ್ಸ್‌ಲಿ ಇದನ್ನು ಒಪ್ಪದೆ, ಬರೀ ದೊಡ್ಡಕ್ಷರಗಳ ಬೇರೊಂದು ಶೈಲಿ ಮುಂದಿಟ್ಟರು. ಬೆನ್ಸನ್ ವಿಮಾನ ನೆಲೆಯಲ್ಲಿ ಜನರನ್ನು ಕೂರಿಸಿ, ಫಲಕ ಹೊತ್ತ ಕಾರನ್ನು ಅವರತ್ತ ಓಡಿಸಿ ಪರೀಕ್ಷೆ ಮಾಡಿದರು. ಕಿಂಡರ್ಸ್‌ಲಿಯ ಅಕ್ಷರ ಕೂದಲೆಳೆಯಷ್ಟು ಮುಂದಿತ್ತು. ಆದರೂ 1965ರಲ್ಲಿ ದೇಶದಾದ್ಯಂತ ಜಾರಿಗೆ ಬಂದದ್ದು ಕಿನ್ನಿಯರ್–ಕ್ಯಾಲ್ವರ್ಟ್ ಪದ್ಧತಿ.

ಗೆದ್ದವರು ಯಾರೇ ಇರಲಿ, ಅಲ್ಲಿ ಉಳಿದುಕೊಂಡ ಪಾಠ ಒಂದು. ಅಕ್ಷರ ಎಷ್ಟು ದೂರದಿಂದ ಓದಲು ಬರಬೇಕೆಂದು ಮೊದಲು ನಿರ್ಧಾರ. ಸಾಲಿನ ಅಂತರ, ಅಂಚು, ಫಲಕದ ಅಳತೆ ಎಲ್ಲವೂ ಆ ಅಕ್ಷರದಿಂದ ಹುಟ್ಟಬೇಕು. ಫಲಕಕ್ಕೆ ತಕ್ಕಂತೆ ಅಕ್ಷರವನ್ನು ಒತ್ತಿ ತುಂಬುವುದಲ್ಲ.

ಕನ್ನಡಕ್ಕೆ ಬಹಳ ಕಡೆ ಆಗುವುದು ಈ ಒತ್ತುವಿಕೆಯೇ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಒಂದೇ ಅಂತಸ್ತು ಸಾಕು. ಕನ್ನಡಕ್ಕೆ ಮೂರು ಬೇಕು: ಮೇಲೆ ತಲೆಕಟ್ಟು, ಗುಡಿಸು, ನಡುವೆ ಅಕ್ಷರದ ಒಡಲು, ಕೆಳಗೆ ಒತ್ತು. ಎರಡಕ್ಕೂ ಒಂದೇ ಎತ್ತರದ ಸಾಲು ಕೊಟ್ಟರೆ ನೋಡಲು ಸಮಾನತೆ. ಆದರೆ ಕನ್ನಡದ ಒಡಲು ಕುಗ್ಗಿಹೋಗುತ್ತದೆ. ತೆಲುಗಿನದೂ ಇದೇ ಕಷ್ಟವೆಂದು ಹೈದರಾಬಾದಿನ ಓದುಗರಿಗೆ ಗೊತ್ತು. ಒತ್ತುಗಳೇ ಇಲ್ಲವೆನ್ನಬಹುದಾದ ತಮಿಳು ಸ್ವಲ್ಪ ಹಗುರ. ಇನ್ನು ದಕ್ಕೂ ಧಕ್ಕೂ, ಪಕ್ಕೂ ಫಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು. ದೂರಕ್ಕೆ ಮೊದಲು ಮಾಯವಾಗುವುದು ಅದೇ. ರಾತ್ರಿ ಹೆಡ್‌ಲೈಟ್ ಬಿದ್ದಾಗ ಪ್ರತಿಫಲಿಸುವ ಬಿಳಿ ಅಕ್ಷರ ಹೊಳೆದು, ದಪ್ಪಗಾದಂತೆ ಕಂಡು, ಣ, ಳಗಳ ಸುರುಳಿಗಳು ಮುಚ್ಚಿಕೊಳ್ಳುತ್ತವೆ.

ಹಾಗೆಂದು ಒತ್ತು ಕನ್ನಡಕ್ಕೆ ಹೊರೆಯಲ್ಲ. ದೊಡ್ಡದು ಚಿಕ್ಕದು ಎಂಬ ಭೇದವಿಲ್ಲದ ಲಿಪಿಯಲ್ಲಿ ಹೆಸರಿಗೆ ಆಕಾರ ಕೊಡುವುದೇ ಒತ್ತು ಮತ್ತು ಗುಣಿತ. 'ಹುಬ್ಬಳ್ಳಿ'ಯ ಕೆಳಗೆ ಜೋತ ಎರಡು ಒತ್ತು, 'ಚಿತ್ರದುರ್ಗ'ದ ತ್ರ ಮತ್ತು ಅರ್ಕಾವತ್ತು: ಕಣ್ಣು ಊರನ್ನು ಗುರುತಿಸುವುದು ಇವುಗಳಿಂದ. ಒತ್ತನ್ನು ಹಿಂಡಿದರೆ ಊರಿನ ಮುಖವನ್ನೇ ಒರೆಸಿದಂತೆ. ಕೈಯಲ್ಲಿ ಬೋರ್ಡು ಬರೆಯುವ ಪಳಗಿದ ಪೇಂಟರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗೆರೆ ಎಳೆಯುವಾಗಲೇ ಅವನು ಒತ್ತಿಗೆ ಜಾಗ ಬಿಟ್ಟಿರುತ್ತಾನೆ.

2024ರ ತಿದ್ದುಪಡಿಯಿಂದ ಕರ್ನಾಟಕದ ಅಂಗಡಿ, ಕಚೇರಿಗಳ ನಾಮಫಲಕಗಳಲ್ಲಿ ಶೇ. 60 ಕನ್ನಡವಿರಬೇಕು. ಒಳ್ಳೆಯದೇ. ಆದರೆ ಜಾಗದ ಪಾಲನ್ನು ಟೇಪು ಹಿಡಿದು ಅಳೆಯಬಹುದು, ಓದಿಗೆ ಒದಗುವ ಗುಣವನ್ನು ಹಾಗೆ ಅಳೆಯಲಾಗದು. ಅದಕ್ಕೆ ಕೇಳಬೇಕಾದ ಪ್ರಶ್ನೆಗಳು ಬೇರೆ: ಒಡಲಿನ ಎತ್ತರವೆಷ್ಟು, ಒತ್ತು ಬಿಡಿಯಾಗಿ ಕಾಣುತ್ತದೆಯೇ, ಸುರುಳಿಯೊಳಗೆ ಬಯಲಿದೆಯೇ?

ಇಂಗ್ಲಿಷ್ ಬಲ್ಲವರಿಗೆ ಕೆಳಗೋ ಮೇಲೋ ಇನ್ನೊಂದು ಸಾಲು ಇದ್ದೇ ಇದೆ. ಕನ್ನಡವಷ್ಟನ್ನೇ ಓದಬಲ್ಲ ಲಾರಿ ಚಾಲಕನಿಗೆ ಇರುವುದು ಒಂದೇ ಸಾಲು. ಅದು ಅವನಿಗೆ ಗೌರವಕ್ಕೆ ಹಾಕಿದ ಅಲಂಕಾರವಲ್ಲ. ಎಡಕ್ಕೋ ನೇರಕ್ಕೋ ಎಂದು ತಿಳಿಯುವ ದಾರಿ.